ಐದನೆಯ ಮಾತು

ಮಾರ್ಚ್ ೫, ಬುಧವಾರ

ಹೋದ ವರ್ಷ ಡಿಪೋದಲ್ಲಿ ಹಂಚಿದ ಡೈರಿ ಇದು. ಬಸ್ಸಿನ ಡ್ರೈವರನಿಗೆ ಡೈರಿ ಯಾತಕ್ಕೆ ಎಂದು ಮಗಳು ಕೃಪಾಳ ಪುಸ್ತಕಗಳ ಕೆಳಗೆ ತುರುಕಿದ್ದೆ. ಇವತ್ತು ಹೊರಗೆ ತೆಗೆದೆ. ಬಾಯಿಬಿಟ್ಟು ಯಾರಿಗೂ ಹೇಳಲಾಗದ ಅಂಜಿಕೆಯೊಂದು ಹತ್ತಿಕೊಂಡಿದೆ. ಅದನ್ನು ಎಲ್ಲಾದರೂ ಇಳಿಸಬೇಕು.

ಮಧ್ಯಾಹ್ನ ಹುಕ್ಕೇರಿ ನಿಲ್ದಾಣದಲ್ಲಿ ಗಾಡಿ ಹಚ್ಚಿ ಇಳಿಯುತ್ತಿದ್ದೆ. ಪಾಸ್ಟರ ಫೋನು ಬಂತು.

"ದೇವದಾನ ಅವರ, ಶುಭ ಶುಕ್ರವಾರದ ಐದನೇ ಮಾತು ನಿಮಗ ಹಚ್ಚೇನ್ರಿ. ನಿಮ್ಮ ತಂದಿಯವರ ಜಾಗಾ."

"ಆಗ್ಲಿರಿ" ಎಂದುಬಿಟ್ಟೆ. 

ಯೇಸುಸ್ವಾಮಿ ಶಿಲುಬೆಯ ಮೇಲೆ ಆಡಿದ ಮಾತುಗಳು ಏಳು. ಶುಭ ಶುಕ್ರವಾರ ಹನ್ನೆರಡರಿಂದ ಮೂರರವರೆಗೆ ನಮ್ಮ ಸಭೆಯಲ್ಲಿ ಏಳು ಮಂದಿ ಎದ್ದು, ಒಬ್ಬೊಬ್ಬರು ಒಂದೊಂದು ಮಾತಿನ ಮೇಲೆ ಹೇಳುತ್ತಾರೆ. ಅವರು ಓದಿಕೊಂಡ ಬೋಧಕರಲ್ಲ, ಸಭೆಯ ಜನವೇ. ಒಬ್ಬ ಮಾಸ್ತರ, ಒಬ್ಬ ನರ್ಸಮ್ಮ, ಒಬ್ಬ ಗಿರಣಿಯವನು, ಹೀಗೆ. ಐದನೆಯ ಮಾತು ಎಲ್ಲಕ್ಕಿಂತ ಚಿಕ್ಕದು. ನೀರಡಿಕೆಯಾಗಿದೆ ಎಂದದ್ದು, ಅಷ್ಟೇ. ಅಷ್ಟು ಚಿಕ್ಕ ಮಾತಿನ ಮೇಲೆ ನನ್ನ ಅಪ್ಪ ಮೂವತ್ತೊಂದು ವರ್ಷ ಹೇಳಿದ. ಹೋದ ಆಗಸ್ಟಿನಲ್ಲಿ ತೀರಿಕೊಂಡ. ಈ ಸಲ ಅವನ ಜಾಗದಲ್ಲಿ ನಾನು ನಿಲ್ಲಬೇಕು. ಬರಿಗೈಯಲ್ಲಿ ನಿಂತು ಅವನ ಹೆಸರು ಕೆಡಿಸುತ್ತೇನೋ ಎಂಬುದೇ ಅಂಜಿಕೆ.

ಈಸ್ಟರಿಗೆ ಮುಂಚಿನ ನಲವತ್ತು ದಿನದ ಉಪವಾಸ, ಪ್ರಾರ್ಥನೆಯ ಶ್ರಮಕಾಲ ಇವತ್ತಿನಿಂದ ಶುರು. ನಾಳೆಯಿಂದ ದಿನಾಲೂ ಬೆಳಗಿನ ಐದರಿಂದ ಐದೂವರೆ ದೇವರಿಗೆ. ಡ್ಯೂಟಿ, ಫೋನು, ಮನೆ ಯಾವುದೂ ನಡುವೆ ಬರಕೂಡದು. ಅಷ್ಟು ಮಾಡಿದರೆ ಹೇಳಲು ಏನಾದರೂ ಸಿಕ್ಕೀತು.

ಮಾರ್ಚ್ ೭, ಶುಕ್ರವಾರ

ನಿನ್ನೆ ಮೊಣಕಾಲೂರಿ ಕೂತವನು ಹಾಗೆಯೇ ನಿದ್ದೆಹೋದೆ. ಎದ್ದಾಗ ಹಣೆಯ ಮೇಲೆ ಚಾಪೆಯ ಗೆರೆ. "ಪಪ್ಪಾ, ಮಾರಿ ಮ್ಯಾಲ ಚಾಪಿ ಛಾಪಿಸೇತಿ" ಎಂದು ಕೃಪಾ ನಕ್ಕಳು.

ಇವತ್ತು ನಿದ್ದೆ ಬರಲಿಲ್ಲ, ಹೊಲಿಗೆಯಂತ್ರ ಬಂತು. ಯುಗಾದಿ ಹತ್ತಿರವಾದದ್ದರಿಂದ ಹೆಂಡತಿ ಸುವರ್ಣಾಳಿಗೆ ಜಂಪರಗಳ ರಾಶಿಯೇ ಬಿದ್ದಿದೆ. ಐದಕ್ಕೇ ಎದ್ದು ಕೂತು ಕಟಕಟ ಕಟಕಟ. ಅದರ ಜೊತೆಗೆ ಮೂಗಿನಲ್ಲೇ ಒಂದು ಕೀರ್ತನೆ.

"ಸುವರ್ಣಾ, ಅರ್ಧಾ ತಾಸು ನಿಲ್ಲಸು. ನಾ ಪ್ರಾರ್ಥನಾ ಮಾಡಾಕತ್ತೇನಿ."

"ಮಾಡ್ರಿ. ನಾ ಏನ ನಿಮ್ಮ ಬಾಯಿ ಹೊಲಿಯಾಕತ್ತಿಲ್ಲ."

ಯಂತ್ರವನ್ನೇನೋ ನಿಲ್ಲಿಸಿದಳು. ಆದರೆ ಸುಮ್ಮನೆ ಕೂತ ಅವಳನ್ನು ನೋಡಿ ನನಗೇ ಸಿಟ್ಟು ಬಂತು. ಪ್ರಾರ್ಥನೆಯೂ ಆಗಲಿಲ್ಲ.

ಮಾರ್ಚ್ ೯, ರವಿವಾರ

ಇವತ್ತೂ ಡ್ಯೂಟಿ. ಆರಾಧನೆಯ ಹೊತ್ತಿಗೆ ಸರಿಯಾಗಿ ಹುಕ್ಕೇರಿ ಗಾಡಿ ಹೊಡೆದುಕೊಂಡು ಗೋಕಾಕದ ನಮ್ಮ ಚರ್ಚಿನ ಮುಂದೆಯೇ ಹಾದೆ. ಒಳಗೆ ಹಾಡು ನಡೆದಿತ್ತು. ಅಲ್ಲಿ ಸ್ಟಾಪಿಲ್ಲ. ಗೇರು ಬದಲಿಸಿದೆ.

ಗೇಟಿನ ಹತ್ತಿರ ಇಮ್ಮಾನುವೇಲ ಕಾಕಾ ಕೈ ಮಾಡಿದರು. ಅಪ್ಪನ ಗೆಳೆಯರು. ಸಂಜೆ ತರಕಾರಿ ಪೇಟೆಯಲ್ಲಿ ಸಿಕ್ಕಾಗ ಹಿಡಿದೇ ನಿಲ್ಲಿಸಿದರು.

"ಏನಲೇ ದೇವದಾನ, ಸ್ವಾಮಿ ಮುಂದ ಹಾರ್ನ್ ಸುದ್ದಾ ಹೊಡೀಲಿಲ್ಲ! ಐದನೇ ಮಾತು ನಿನಗ ಬಂದೈತಂತ. ನಿಮ್ಮಪ್ಪ ನಿಂತಾಂದ್ರ ಹೆಣ್ಮಕ್ಕಳ ಸೆರಗ ತೊಯ್ಯತಿದ್ವು, ಗೊತ್ತೈತಿಲ್ಲೊ?"

"ಗೊತ್ತೈತ್ರಿ ಕಾಕಾ."

"ಮತ್ತ ತಯಾರಿ?"

"ನಡದೈತ್ರಿ" ಎಂದೆ. ಶ್ರಮಕಾಲದಲ್ಲಿ ನಾನಾಡಿದ ಮೊದಲ ಸುಳ್ಳು.

ಮಾರ್ಚ್ ೧೧, ಮಂಗಳವಾರ

ಅಪ್ಪನಿಗೆ ಟೈಮು ಎಲ್ಲಿಂದ ಸಿಗುತ್ತಿತ್ತು? ಗಿರಣಿಯಲ್ಲಿ ಮೂರು ಪಾಳಿ. ಆದರೂ ಮನೆಯ ಪ್ರಾರ್ಥನೆ ಒಂದು ದಿನ ತಪ್ಪಿದ ನೆನಪಿಲ್ಲ. ಗಿರಣಿಯ ಭೋಂಗಾ ಕೂಗಿದ ಕೂಡಲೆ ಚಾಳಿನ ಬೇರೆ ಮನೆಗಳಲ್ಲಿ ಬುತ್ತಿ ಕಟ್ಟುವ ಗಡಿಬಿಡಿ. ನಮ್ಮ ಮನೆಯಲ್ಲಿ ಮಾತ್ರ ಎರಡು ನಿಮಿಷ ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ಅವ್ವನ ಕೈಯಲ್ಲಿ ಹಿಟ್ಟು, ನನ್ನ ಬಾಯಲ್ಲಿ ಬೇವಿನ ಕಡ್ಡಿ, ಅಪ್ಪನ ಒಂದು ಕಾಲಲ್ಲಿ ಚಪ್ಪಲಿ. "ಅಪ್ಪಾ ತಂದೀ, ನಾ ಹೊಂಟೆ, ನೀ ಇವರ ಕೂಡ ಇರು" ಎಂದು ಹೇಳಿ ಇನ್ನೊಂದು ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಿದ್ದ.

ಅದು ಪ್ರಾರ್ಥನೆ ಮಾಡಿದಂತಾಯಿತೇ? ನಾನು ಅರ್ಧ ಗಂಟೆ ಅಂದುಕೊಂಡಿದ್ದೇನೆ. ಎರಡು ನಿಮಿಷದಲ್ಲಿ ಐದನೆಯ ಮಾತು ಸಿಗುವುದಿಲ್ಲ.

ಒಂದು ಯುಕ್ತಿ ಹೊಳೆದಿದೆ. ನಾಗನೂರ ವಸ್ತಿ ಗಾಡಿ. ಮಧ್ಯಾಹ್ನ ಗೋಕಾಕ ಬಿಟ್ಟು, ಮೂಡಲಗಿ ಹಾದು, ಸಂಜೆ ಏಳಕ್ಕೆ ನಾಗನೂರಿನಲ್ಲಿ ನಿಂತರೆ ಮತ್ತೆ ಹೊರಡುವುದು ಬೆಳಿಗ್ಗೆ ಆರಕ್ಕೆ. ಹಳ್ಳಿ, ಗಾಳಿ, ಹೊಲಿಗೆಯಂತ್ರದ ಸದ್ದಿಲ್ಲ. ಅಲ್ಲಿ ದೇವರ ಕೂಡ ಕೂಡುವುದಕ್ಕೆ ಯಾರ ಅಡ್ಡಿ?

ಮಾರ್ಚ್ ೧೩, ಗುರುವಾರ

ವಸ್ತಿ ಬೇಕೆಂದು ನಾನೇ ಕೇಳಿದ್ದಕ್ಕೆ ಡಿಪೋದಲ್ಲಿ ಎಲ್ಲರೂ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ವಸ್ತಿ ಎಂದರೆ ತಪ್ಪಿಸಿಕೊಂಡು ಓಡುವವರೇ ಹೆಚ್ಚು. ಶನಿವಾರದಿಂದ ಒಂದು ದಿನ ಬಿಟ್ಟು ಒಂದು ದಿನ ಸಿಕ್ಕಿದೆ. ನನ್ನ ಗಾಡಿಯ ಕಂಡಕ್ಟರ ಶಿದ್ರಾಮನೂ ಜೊತೆಗೆ ಬರಬೇಕಾಯಿತು.

"ಅಣ್ಣಾರ, ಮನ್ಯಾಗ ಜಗಳೇನ್ರಿ?"

"ಇಲ್ಲೋ ಮಾರಾಯಾ. ಪ್ರಾರ್ಥನಾಕ್ಕ ಟೈಮ್ ಬೇಕಾಗೇತಿ."

"ಹೌದಾ? ನಮ್ಮ ಮನ್ಯಾಗ ಇಷ್ಟಲಿಂಗ ಅಂಗೈಯಾಗ ಇಟ್ಕೊಂಡ ಐದು ಮಿನಿಟ್ ಕುಂದರತೇವಿ, ಮುಗೀತು. ನಿಮ್ಮ ದೇವ್ರು ಬಾಳ ಟೈಮ್ ತಿಂತಾನ ಬಿಡ್ರಿ. ನನ್ನ ಹೇಣತಿಗೆ ಏನ ಹೇಳಲಿ ನಾ ಈಗ?"

ಸುವರ್ಣಾಳಿಗೆ ಹೇಳಿದೆ. ಸೂಜಿಗೆ ದಾರ ಪೋಣಿಸುತ್ತಿದ್ದಳು. ಗಂಟು ಹಾಕಿ ದಾರ ಕಡಿದಳು. ಆಮೇಲೆ "ಹೋಗ್ರಿ" ಎಂದಳು. ಕೃಪಾಳಿಗೆ ಮುಂದಿನ ವಾರ ಹತ್ತನೆಯ ತರಗತಿಯ ಪರೀಕ್ಷೆ.

ಮಾರ್ಚ್ ೧೫, ಶನಿವಾರ. ನಾಗನೂರ

ಬಸ್ಸು ನಿಲ್ಲಿಸಿ, ಕೈಕಾಲು ತೊಳೆದು, ಸೊಸಾಯಿಟಿ ಕಟ್ಟೆಯ ಮೇಲೆ ಲೈಟಿನ ಕೆಳಗೆ ವೇದ ಪುಸ್ತಕ ತೆರೆದೆ. ಕಬ್ಬಿನ ಕಡೆಯಿಂದ ತಣ್ಣನೆ ಗಾಳಿ. ಎಂಥ ಸಮಾಧಾನ! ಎರಡು ಸಾಲು ಓದಿದೆ.

"ಡ್ರೈವರ ಸಾಹೇಬ್ರ, ಹೊಸಬ್ರೇನ್ರಿ?"

"ಹೌದ್ರಿ."

"ಯಾ ಊರಾತ್ರಿ?"

ಅಲ್ಲಿಂದ ಶುರುವಾದದ್ದು. ವಸ್ತಿ ಗಾಡಿ ಬಂತೆಂದರೆ ಊರಿನ ಅರ್ಧ ಗಂಡಸರು ಕಟ್ಟೆಗೆ ಬರುತ್ತಾರೆಂದು ನನಗೇನು ಗೊತ್ತು? ಗೋಕಾಕ ಪೇಟೆಯ ಸುದ್ದಿ, ಕಬ್ಬಿನ ಸುದ್ದಿ, ಮೂಡಲಗಿಯಲ್ಲಿ ಎಮ್ಮೆ ಎಷ್ಟಕ್ಕೆ ಹೋಯಿತೆಂಬ ಸುದ್ದಿ. ಊಟವೂ ಊರವರದೇ ಪಾಳಿ. ಇವತ್ತಿನ ಪಾಳಿ ಫಕೀರವ್ವ ಎಂಬ ಮುದುಕಿಯದು. ರೊಟ್ಟಿ, ಝುಣಕ, ಗಟ್ಟಿ ಮೊಸರು. ನಮ್ಮ ಎದುರಿಗೆ ಕೂತೇ ಉಣಿಸಿದಳು.

"ಏನ ಹೆಸರಪಾ ತಮ್ಮಾ?"

"ದೇವದಾನ ರಿ."

"ದಾನಪ್ಪ! ಚಲೋ ಹೆಸರು. ಇನ್ನೊಂದು ರೊಟ್ಟಿ ತಗೊ ದಾನಪ್ಪಾ."

ವಸ್ತಿ ಮುಗಿಯುವವರೆಗೆ ನಾನಿನ್ನು ದಾನಪ್ಪ.

ಮಾರ್ಚ್ ೧೭, ಸೋಮವಾರ. ನಾಗನೂರ

ಓದಿದ್ದು ನಾಲ್ಕು ಸಾಲು. ಎಮ್ಮೆಯ ಸುದ್ದಿ ಎರಡು ತಾಸು.

ಮಾರ್ಚ್ ೨೦, ಗುರುವಾರ

ಶ್ರಮಕಾಲದಲ್ಲಿ ದಿನಕ್ಕೊಂದು ಮನೆಯಂತೆ ಸಭೆಯವರೆಲ್ಲ ಸೇರಿ ಸಂಜೆ ಮನೆಕೂಟ ಮಾಡುತ್ತೇವೆ. ನಿನ್ನೆ ನಮ್ಮ ಮನೆಯದಿತ್ತು. ನಾನು ನಾಗನೂರಿನಲ್ಲಿದ್ದೆ. ಡ್ಯೂಟಿ ಬದಲಿಸಿಕೊಳ್ಳಬಹುದಿತ್ತು, ನೆನಪಾಗಲಿಲ್ಲ ಎಂದು ಇಲ್ಲಿ ಬರೆದರೆ ಇದು ಎರಡನೆಯ ಸುಳ್ಳಾಗುತ್ತದೆ. ನೆನಪಿತ್ತು. ವಸ್ತಿ ತಪ್ಪಿದರೆ ದೇವರ ಹೊತ್ತು ತಪ್ಪುತ್ತದೆ ಎಂದುಕೊಂಡೆ.

ಇವತ್ತು ಮಧ್ಯಾಹ್ನ ಮನೆಗೆ ಬಂದರೆ ನೆರೆಯವರಿಂದ ತಂದ ಖುರ್ಚಿಗಳು ಇನ್ನೂ ಹೊರಗೇ ಇದ್ದವು.

"ಎಷ್ಟ ಮಂದಿ ಬಂದಿದ್ರು?"

"ಮೂವತ್ತು. ಎಲ್ಲಾರೂ ಬಂದಿದ್ರು. ನೀವು ದೇವರಿಗೆ ಟೈಮ್ ಕೊಡಾಕ ನಾಗನೂರಿಗೆ ಹೋದ್ರಿ. ದೇವರು ನಿನ್ನೆ ಏಳೂವರಿಗೆ ಇಲ್ಲಿ ಬಂದಿದ್ದ. ನೀವ ಇರಲಿಲ್ಲ. ಚಾ ಕುಡದು ಹೋದ."

ನಗಲೋ ಬೇಡವೋ ತಿಳಿಯಲಿಲ್ಲ. ಅವಳು ನಗಲಿಲ್ಲ. ಖುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ವಾಪಸು ಕೊಟ್ಟುಬಂದೆ.

ನಾಳೆ ಕೃಪಾಳ ಮೊದಲ ಪರೀಕ್ಷೆ, ಕನ್ನಡ. ಸಾಲಿಯವರೆಗೆ ಬೈಕಿನ ಮೇಲೆ ಬಿಟ್ಟುಬರಬೇಕು. ಅಷ್ಟಾದರೂ ಮಾಡುತ್ತೇನೆ.

ಮಾರ್ಚ್ ೨೫, ಮಂಗಳವಾರ. ನಾಗನೂರ

ಎಮ್ಮೆಯ ಸುದ್ದಿ ಮುಗಿದು ಇವತ್ತು ಕಥೆಗೆ ಬಂದರು. ಒಬ್ಬ ಕಳ್ಳನ ಕಥೆ ಹೇಳಿದ, ಇನ್ನೊಬ್ಬ ಏಳು ಹೆಂಡಿರ ಸಾಹುಕಾರನದು ಹೇಳಿದ. ಶಿದ್ರಾಮ ಒಂದು ಹೇಳಿ ನನ್ನ ಕಡೆ ಬೆರಳು ಮಾಡಿದ. "ದಾನಪ್ಪಣ್ಣಾರದು ಪಾಳಿ."

ನನಗೆ ಕಥೆ ಬರುತ್ತದೆಂಬುದೇ ಮರೆತುಹೋಗಿತ್ತು. ಅಪ್ಪ ಗಿರಣಿ ಚಾಳಿನಲ್ಲಿದ್ದರೂ ನನ್ನನ್ನು ಆರು ವರ್ಷ ಬೆಳೆಸಿದ್ದು ಹುಕ್ಕೇರಿ ಹತ್ತಿರದ ಹಳ್ಳಿಯಲ್ಲಿ ಅಪ್ಪನ ಅವ್ವ, ಆಯಿ ಸತ್ಯವ್ವ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಮೊರದಲ್ಲಿ ಜೋಳ ಹಾಕಿಕೊಂಡು ಹರಳು ಆರಿಸುತ್ತ ವೇದ ಪುಸ್ತಕದ ಕಥೆ ಹೇಳುತ್ತಿದ್ದಳು. ಅವಳ ಬಾಯಲ್ಲಿ ಯೆರೂಸಲೇಮು ಹುಕ್ಕೇರಿಯ ಬಾಜೂಕಿತ್ತು. ಯೋನನನ್ನು ನುಂಗಿದ ಮೀನು ಅವನನ್ನು ಕಾರಿದ್ದು ಧುಪದಾಳ ಒಡ್ಡಿನ ಉಸುಕಿನಲ್ಲಿ. ಗಿಡ್ಡ ಜಕ್ಕಾಯ ಹತ್ತಿದ್ದು ಯಮಕನಮರಡಿ ದಾರಿಯ ಹುಣಸೆಮರ. ಮೋಶೆಯ ಬುಟ್ಟಿ ಘಟಪ್ರಭೆಯಲ್ಲಿ ತೇಲಿ ಬಂದದ್ದನ್ನು ಅವಳು ಕಣ್ಣಾರೆ ಕಂಡಂತೆ ಹೇಳುತ್ತಿದ್ದಳು. ಬುಟ್ಟಿ ಯಾವ ಮೇದಾರ ಹೆಣೆದದ್ದೆಂದೂ ಅವಳಿಗೆ ಗೊತ್ತಿತ್ತು. ನಾನು ಮೊದಲ ಸಲ ಧುಪದಾಳಕ್ಕೆ ಹೋದಾಗ ಯೋನನ ಹೆಜ್ಜೆ ಹುಡುಕಿದ್ದೆ.

ಮೊದಲು ಶಿದ್ರಾಮನ ಕಿವಿಯಲ್ಲಿ ಕೇಳಿದೆ, "ನಮ್ಮ ಪುಸ್ತಕದ್ದು ಹೇಳಿದ್ರ ಯಾರರ ಏನರ ಅಂದಾರೇನೋ?"

"ಕಥಿ ಹೇಳ್ರಿ ಅಂದ್ರು, ಉಪದೇಶ ಮಾಡ್ರಿ ಅನಲಿಲ್ಲ. ಕಥಿ ಹೇಳ್ರಿ."

ಹೇಳಿದೆ. ಆಯಿ ಹೇಳಿದಂತೆಯೇ. ಉರಿಬಿಸಿಲಿನ ಮಧ್ಯಾಹ್ನ. ಊರ ಹೊರಗೆ ಒಂದು ಬಾವಿ. ನಡೆದು ದಣಿದ ಒಬ್ಬ ಪರಸ್ಥಳದವನು ಬಾವಿಯ ಕಟ್ಟೆಗೆ ಕೂತಿದ್ದಾನೆ. ಹಗ್ಗವಿಲ್ಲ, ಕೊಡವಿಲ್ಲ. ಬೇರೆ ಹೆಂಗಸರೊಡನೆ ಬರಲು ನಾಚಿಕೊಂಡ ಒಬ್ಬ ಹೆಣ್ಣುಮಗಳು ಒಬ್ಬಳೇ ಬರುತ್ತಾಳೆ. "ಯವ್ವಾ, ಕುಡ್ಯಾಕ ನೀರ ಕೊಡ" ಎನ್ನುತ್ತಾನೆ. "ನಮ್ಮ ಕೈ ನೀರ ನಿಮ್ಮ ಮಂದಿಗೆ ನಡೀತೈತೇನು?" ಎನ್ನುತ್ತಾಳೆ ಅವಳು. ಮಾತಿಗೆ ಮಾತು ಬೆಳೆಯುತ್ತದೆ. ಅವಳು ಯಾರಿಗೂ ಹೇಳದ ಅವಳ ಬಾಳುವೆಯನ್ನು ಅವನೇ ಅವಳಿಗೆ ಹೇಳುತ್ತಾನೆ, ಹಂಗಿಸದೆ. ಅವಳು ಕೊಡವನ್ನು ಅಲ್ಲೇ ಬಿಟ್ಟು, ಬರ್ರಿ ನೋಡ್ರಿ ಎಂದು ಕೂಗುತ್ತ ಊರಿಗೆ ಓಡುತ್ತಾಳೆ.

 ಬುತ್ತಿಯ ಬಟ್ಟೆ ಮಡಚುತ್ತಿದ್ದ ಫಕೀರವ್ವ ಕೇಳಿದಳು:

"ಅಲ್ಲೋ ತಮ್ಮಾ, ಮತ್ತ ಅಂವಗ ನೀರ ಕೊಟ್ಳೊ ಇಲ್ಲೊ?"

"ಆಂ?"

"ಬಿಸಲಾಗ ಕುಂತಾನ. ಬಾಯಿ ಬಿಟ್ಟ ಕೇಳ್ಯಾನ. ಇಕಿ ಮಾತಾಡ್ತಾ ಆಡ್ತಾ ಕೊಡಾ ಬಿಟ್ಟ ಓಡಿದ್ಳು. ಅಂವ ನೀರ ಕುಡದ್ನೊ ಇಲ್ಲೊ?"

ನನಗೆ ಗೊತ್ತಿರಲಿಲ್ಲ. ನಲವತ್ತಾರು ವರ್ಷದ ಕ್ರೈಸ್ತ ನಾನು.

ಮಾರ್ಚ್ ೨೬, ಬುಧವಾರ

ಮನೆಗೆ ಬಂದವನೇ ಪುಸ್ತಕ ತೆರೆದು ಮೂರು ಸಲ ಓದಿದೆ. ಬರೆದಿಲ್ಲ. ಕೊಟ್ಟಳೆಂದೂ ಇಲ್ಲ, ಕೊಡಲಿಲ್ಲವೆಂದೂ ಇಲ್ಲ. ಅವನು ನೀರು ಕೇಳಿದ್ದಿದೆ. ಆಮೇಲೆ ನೀರಿನ ಮಾತೇ ಬೇರೆಯಾಗಿ ಹೋಗುತ್ತದೆ. ಪಾಸ್ಟರಿಗೆ ಫೋನು ಮಾಡಿದೆ. ಅವರೂ ಓದಿ ನೋಡಿ, "ಹೌದಲ್ರಿ, ಇಲ್ಲ" ಎಂದರು. ಅವರ ದನಿಯಲ್ಲೂ ಒಂದು ತರಹದ ಆಶ್ಚರ್ಯ.

ಆಯಿ ಏನು ಹೇಳುತ್ತಿದ್ದಳು? ಊಟಕ್ಕೆ ಕೂತಾಗಲೂ ಅದೇ ಹುಡುಕಾಟ. ಕೊಡ ಬಿಟ್ಟು ಓಡಿದಳು ಎನ್ನುವಲ್ಲಿಗೆ ಅವಳೂ ನಿಲ್ಲಿಸುತ್ತಿದ್ದಳು. ಆಮೇಲೆ ಮೊರ ಬದಿಗಿಟ್ಟು, ಮೊಣಕಾಲ ಮೇಲೆ ಕೈಯೂರಿ ಎದ್ದು, ನೀರಿನ ಹರವಿಯ ಹತ್ತಿರ ಹೋಗಿ, ನಮಗೆಲ್ಲ ಒಂದೊಂದು ಹಿತ್ತಾಳೆ ವಾಟಿ ತಣ್ಣನೆಯ ನೀರು ಕೊಡುತ್ತಿದ್ದಳು. ಆ ಕಥೆಗೆ ಮಾತ್ರ. ಮೀನಿನ ಕಥೆಗೆ ಕೊಟ್ಟ ನೆನಪಿಲ್ಲ. ಕಥೆ ಹೇಳಿ ಬಾಯಿ ಒಣಗಿದ್ದು ಅವಳದು, ನೀರು ನಮಗೆ. ಅದೂ ಕಥೆಯ ಭಾಗವೇ ಎಂದು ಆಗ ಹೊಳೆಯಲಿಲ್ಲ. ನೀರು ಕುಡಿದು ಆಡಲು ಓಡಿಬಿಡುತ್ತಿದ್ದೆವು.

ಆಯಿ ಹೋಗಿ ಇಪ್ಪತ್ತೆರಡು ವರ್ಷ. ಹರವಿಯ ಮಣ್ಣಿನ ವಾಸನೆ ಈಗಲೇ ಬಂದಂತಾಯಿತು.

ಮಾರ್ಚ್ ೩೧, ಸೋಮವಾರ. ನಾಗನೂರ

ನಿನ್ನೆ ಯುಗಾದಿ. ಫಕೀರವ್ವ ನಮಗೆಂದು ಹೋಳಿಗೆ ತೆಗೆದಿಟ್ಟಿದ್ದಳು. ಉಣ್ಣುವಾಗ ಅವಳ ಮಗನ ಸುದ್ದಿ ಬಂತು. ಹನ್ನೊಂದು ವರ್ಷದ ಹಿಂದೆ ಕಬ್ಬಿನ ಟ್ರ್ಯಾಕ್ಟರ್ ಹೊರಳಿ ಹೋದನಂತೆ. ಹೊಲದಿಂದ ಎತ್ತಿ ತರುವಾಗ ನೀರು ಕೇಳಿದನಂತೆ. ಪೆಟ್ಟಾದವನಿಗೆ ನೀರು ಕೊಡಬಾರದೆಂದು ಯಾರೋ ಅಂದರು, ಕೊಡಲಿಲ್ಲ. "ಅದಕ್ಕ ನಾ ಕೇಳಿದ್ನೋ ತಮ್ಮಾ ಅವತ್ತು" ಎಂದಳು.

ಉಂಡ ತಾಟನ್ನು ನಾನೇ ತೊಳೆದಿಟ್ಟೆ.  

ಇವತ್ತೂ ಓದಲಾಗಲಿಲ್ಲ.

ಏಪ್ರಿಲ್ ೪, ಶುಕ್ರವಾರ

ಕೃಪಾಳ ಪರೀಕ್ಷೆ ಮುಗಿಯಿತು. ಗಣಿತದ್ದು ಕಠಿಣವಿತ್ತಂತೆ. ಸಂಜೆ ಮೂವರೂ ಪೇಟೆಗೆ ಹೋಗಿ ಬಂದೆವು. ಕರದಂಟು ತಿಂದು ಕೃಪಾ ಅಂಟು ಬೆರಳನ್ನು ನನ್ನ ಅಂಗಿಗೆ ಒರೆಸಿದಳು. ಚಿಕ್ಕವಳಿದ್ದಾಗ ಹಾಗೇ ಮಾಡುತ್ತಿದ್ದಳು.

ವಸ್ತಿ ಸಾಕು ಎಂದು ಡಿಪೋದಲ್ಲಿ ಹೇಳಿಬಂದೆ. ಈ ತಿಂಗಳ ಚಾರ್ಟು ದಿನ ಬದಲಿಸಿ ಆಗಲೇ ಆಗಿದೆಯಂತೆ, ಹದಿನೆಂಟರವರೆಗೆ ತಪ್ಪದು. ಹದಿನೆಂಟೇ ಶುಭ ಶುಕ್ರವಾರ. ಅವತ್ತು ಹನ್ನೊಂದೂವರೆಗೆ ಗಾಡಿ ಗೋಕಾಕಕ್ಕೆ ಬಂದುಬಿಡುತ್ತದೆ. ಸಾಕು.

ಏಪ್ರಿಲ್ ೧೩, ಗರಿಗಳ ರವಿವಾರ

ರಜೆ ಸಿಕ್ಕಿತ್ತು, ಚರ್ಚಿಗೆ ಹೋದೆ. ಇಮ್ಮಾನುವೇಲ ಕಾಕಾ ಕೈಯಲ್ಲಿಯ ಗರಿಯಿಂದಲೇ ನನ್ನ ಹೆಗಲಿಗೆ ಬಾರಿಸಿ, "ಐದು ದಿನ ಉಳದಾವ ಮಗನ!" ಎಂದರು.

ಸಂಜೆ ಸುವರ್ಣಾ ಅಪ್ಪನ ಟ್ರಂಕಿನಿಂದ ಒಂದು ನೋಟುಬುಕ್ಕು ತೆಗೆದುಕೊಟ್ಟಳು. ಗಿರಣಿಯ ಹಳೆಯ ಕಾಗದ ಹೊಲಿದು ಮಾಡಿದ್ದು. ಅದರಲ್ಲಿ ಐದನೆಯ ಮಾತು ಪೂರ್ತಿ ಇದೆ, ನಾಲ್ಕು ಹಾಳೆ. ಅಪ್ಪನ ದುಂಡನೆಯ ಅಕ್ಷರ. ಎಲ್ಲಿ ದನಿ ಇಳಿಸಬೇಕೋ ಅಲ್ಲಿ ಕೆಂಪು ಗೆರೆ. ನನ್ನ ಕಷ್ಟವೆಲ್ಲ ಒಂದೇ ಸಲಕ್ಕೆ ಹರಿಯಿತು! ಇದನ್ನೇ ಓದಿದರಾಯಿತು.

ಏಪ್ರಿಲ್ ೧೬, ಬುಧವಾರ

ಕೃಪಾಳ ಮುಂದೆ ನಿಂತು ಓದಿ ತೋರಿಸಿದೆ. ಕೆಂಪು ಗೆರೆ ಬಂದಲ್ಲಿ ದನಿ ಇಳಿಸಿದೆ. ಎರಡನೆಯ ಹಾಳೆಗೆ ಬಂದಾಗ ಅವಳು ಅಳುತ್ತಿದ್ದಳು.

"ಯಾಕವಾ?"

"ಅಜ್ಜಾನ ಧ್ವನಿನ ಬರಾಕತ್ತೈತ್ರಿ ಪಪ್ಪಾ."

ಇದಕ್ಕಿಂತ ಹೆಚ್ಚಿನದು ಏನು ಬೇಕು? ಹಾಳೆಗಳನ್ನು ಮಡಚಿ ಖಾಕಿ ಅಂಗಿಯ ಕಿಸೆಯಲ್ಲಿಟ್ಟುಕೊಂಡೆ. ಆದರೆ ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಅಪ್ಪ ಹೊರಗಿನ ಕೋಣೆಯಲ್ಲಿ ಓದುತ್ತಿದ್ದಾನೆ, ನಾನು ಒಳಗಿನಿಂದ ಕೇಳುತ್ತಿದ್ದೇನೆ ಎನಿಸಿತು. ಬಾಗಿಲು ತೆರೆದರೆ ಯಾರೂ ಇಲ್ಲ.

ಏಪ್ರಿಲ್ ೧೮, ಶುಭ ಶುಕ್ರವಾರ

ಎಲ್ಲ ನಡೆದ ಕ್ರಮದಲ್ಲೇ ಬರೆಯಬೇಕು.

ನಮ್ಮಲ್ಲಿ ಇವತ್ತು ಮೂರು ಗಂಟೆಯವರೆಗೆ ಅನ್ನವಿಲ್ಲ, ನೀರಿಲ್ಲ. ಬೆಳಿಗ್ಗೆ ಆರಕ್ಕೆ ನಾಗನೂರು ಬಿಡುವಾಗ ಫಕೀರವ್ವ ಮಜ್ಜಿಗೆ ತಂದಳು. ಉಪವಾಸ ಎಂದೆ. "ನೀರಬೀರಾನೂ ಇಲ್ಲ? ನಿಮ್ಮ ದೇವ್ರು ಕಠಿಣ ಅದಾನ" ಎಂದು ಮಜ್ಜಿಗೆಯನ್ನು ಶಿದ್ರಾಮನಿಗೆ ಕೊಟ್ಟಳು. ಇವತ್ತು ವಸ್ತಿಯ ಕಡೆಯ ದಿನ ಎಂದಾಗ, "ಬರ್ಕೋತ ಇರಪಾ" ಎಂದಳು.

ಬೆಳಗಿನ ಎರಡು ಟ್ರಿಪ್ಪು ಮುಗಿಸಿ ಮೂಡಲಗಿ ಬಿಟ್ಟು ಅರ್ಧ ದಾರಿಗೆ ಬಂದಿದ್ದೆವು. ಹಿಂದಿನ ಗಾಲಿ ಢಂ ಎಂದಿತು. ಸುತ್ತ ಒಂದು ಗಿಡವಿಲ್ಲ. ಐವತ್ತು ಮಂದಿ ರಸ್ತೆಯ ಮೇಲೆ. ಜಾಕು ಒಂದು ಸಲ ಜಾರಿತು, ನಟ್ಟು ಒಂದು ಬಿಡಲಿಲ್ಲ. ಶಿದ್ರಾಮ ಬಾಟಲಿ ಚಾಚಿದ.

"ಅಣ್ಣಾರ, ಒಂದ ಗುಟಕ. ದೇವ್ರು ಈ ಕಡೆ ನೋಡಾಕತ್ತಿಲ್ಲ."

ಬೇಡವೆಂದೆ. ನಾಲಿಗೆ ಅಂಗುಳಕ್ಕೆ ಅಂಟಿತ್ತು. ಗಾಲಿ ಬದಲಾಗುವ ಹೊತ್ತಿಗೆ ಹನ್ನೆರಡೂಕಾಲು. ಗೋಕಾಕ ಮುಟ್ಟಿದಾಗ ಒಂದೂಕಾಲು. "ಗಾಡಿ ನಾ ಒಪ್ಪಿಸ್ತೇನಿ, ನೀವು ಓಡ್ರಿ" ಎಂದ ಶಿದ್ರಾಮ. ಖಾಕಿ ಬಟ್ಟೆಯಲ್ಲೇ ಓಡಿದೆ.

ಒಳಗೆ ನಾಲ್ಕನೆಯ ಮಾತು ಮುಗಿಯುತ್ತಿತ್ತು. ಪಾಸ್ಟರು ನನ್ನನ್ನು ನೋಡಿ ಉಸಿರುಬಿಟ್ಟರು. ನೇರ ಹೋಗಿ ಅಪ್ಪ ನಿಲ್ಲುತ್ತಿದ್ದ ಮೇಜಿನ ಹಿಂದೆ ನಿಂತೆ. ಹಾಳೆ ತೆಗೆಯಲು ಕಿಸೆಗೆ ಕೈ ಒಯ್ದೆ. ಆಗ ಕೈ ನೋಡಿಕೊಂಡೆ. ಮೊಣಕೈವರೆಗೆ ಗ್ರೀಸು. ಒರೆಸಿಕೊಳ್ಳಲು ಏನೂ ಇಲ್ಲ. ಆ ಕೈಯಿಂದ ಮುಟ್ಟಿದರೆ ಅಪ್ಪನ ಅಕ್ಷರವೆಲ್ಲ ಕಪ್ಪಾಗುತ್ತಿತ್ತು.

ಮುಟ್ಟಲಿಲ್ಲ. ಕೈ ಕೆಳಗೆ ಬಿಟ್ಟೆ.  ಇಮ್ಮಾನುವೇಲ ಕಾಕಾ ಮುಂದಿನ ಬೆಂಚಿನಲ್ಲಿ ಕಣ್ಣುಮುಚ್ಚಿ ಸೆರಗು ತೊಯ್ಯುವುದಕ್ಕಾಗಿ ಕಾದಿದ್ದರು.

"ನನಗೂ ಈಗ ನೀರಡಿಕಿ ಆಗೇತ್ರಿ" ಎಂದೆ. ಬಾಯಿಂದ ಅದೇ ಬಂತು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಆಮೇಲೆ ಫಕೀರವ್ವನ ಪ್ರಶ್ನೆ ಹೇಳಿದೆ. ಸ್ವಾಮಿ ಎರಡು ಸಲ ನೀರು ಕೇಳಿದ. ಒಂದು ಸಲ ಬಾವಿಯ ಕಟ್ಟೆಯ ಮೇಲೆ, ಒಂದು ಸಲ ಶಿಲುಬೆಯ ಮೇಲೆ. ಕಡೆಯ ಸಲ ಹುಳಿರಸ ಕೊಟ್ಟರು, ಅದು ನಮಗೆಲ್ಲ ಗೊತ್ತು. ಮೊದಲ ಸಲ ಏನಾಯಿತು? ನಾವು ಇಷ್ಟು ವರ್ಷ ಓದಿದವರು ಕೇಳಲಿಲ್ಲ. ನಾಗನೂರಿನ ಒಬ್ಬ ಮುದುಕಿ, ಮಗನಿಗೆ ನೀರು ಕೊಡಲಾಗದವಳು, ಕೇಳಿದಳು. ನಾನು ಶ್ರಮಕಾ‌ಲವೆಲ್ಲ ದೇವರಿಗೆ ಟೈಮು ಕೊಡಬೇಕೆಂದು ತಿರುಗಿದೆ. ಅವನು ಕೇಳಿದ್ದು ಏನೆಂದು ಒಂದು ದಿನವೂ ವಿಚಾರಿಸಲಿಲ್ಲ. ನಮ್ಮ ಆಯಿ ಆ ಕಥೆ ಮುಗಿಸಿ ನಮಗೆ ನೀರು ಕೊಡುತ್ತಿದ್ದಳು. ನನಗೆ ಗೊತ್ತಿರುವುದು ಇಷ್ಟೇ.

ಐದು ಮಿನಿಟು ಆಗಿರಲಿಕ್ಕಿಲ್ಲ. ಅಪ್ಪ ಅರ್ಧ ಗಂಟೆ ಹೇಳುತ್ತಿದ್ದ. ಕೂತುಬಿಟ್ಟೆ. ಯಾರೂ ಅಳಲಿಲ್ಲ. ಪಾಸ್ಟರು ಮುಂದಿನ ಹಾಡಿನ ನಂಬರು ಹೇಳುವುದನ್ನು ಮರೆತು ಹಾಗೇ ನಿಂತಿದ್ದರು.

ಮೂರಕ್ಕೆ ಹೊರಗೆ ಬಂದಾಗ ಕಾಕಾ ನನ್ನ ಗ್ರೀಸಿನ ಕೈಯನ್ನು ಹಿಡಿದುಕೊಂಡರು.

"ನಿಮ್ಮಪ್ಪನಂಗ ಹೇಳಲಿಲ್ಲ ನೀ."

"ಹೌದ್ರಿ ಕಾಕಾ."

"ಹೌದು" ಎಂದರು. ಕೈ ಮಾತ್ರ ಬಿಡಲಿಲ್ಲ. ಅವರ ಬಿಳಿ ಅಂಗಿಯ ತೋಳಿಗೂ ಕಪ್ಪು ಹತ್ತಿತು.

ಮನೆಗೆ ನಡೆದು ಬರುವಾಗ ಕೃಪಾ ಮುಂದೆ, ನಾವಿಬ್ಬರು ಹಿಂದೆ. ಬಹಳ ದಿನದ ಮೇಲೆ ಜೊತೆಗೆ ನಡೆದದ್ದು. ಅರ್ಧ ದಾರಿಯಲ್ಲಿ ಸುವರ್ಣಾ ಅಂದಳು:

"ಕೊಟ್ಟಿರತಾಳ್ರಿ."

"ಯಾರು?"

"ಆ ಬಾವಿ ಹೆಣಮಗಳು. ಮನುಷ್ಯಾ ಬಿಸಲಾಗ ಕುಂತ ಕೇಳ್ಯಾನ. ಕೊಡದ ಹೆಂಗ ಇರತಾಳ? ಮಾತಾಡಕೋತನ ಕೊಟ್ಟಿರತಾಳ."

"ಮತ್ತ ಬರದಿಲ್ಲಲ್ಲ?"

"ಬರದಾಂವ ಗಂಡಸು. ನೀರ ಕೊಟ್ಟದ್ದೇನ ಬರಿಯೂದು ಅಂತ ಬಿಟ್ಟಿರತಾನ." ಸ್ವಲ್ಪ ದೂರ ನಡೆದು, "ನೀವೂ ಬರೀತೀರಲ್ಲ ಆ ಡೈರಿ, ಅದರಾಗ ಒಂದರ ವಾಟಿ ನೀರ ಐತೇನು ನಾ ಕೊಟ್ಟಿದ್ದು?" ಎಂದಳು. ಸಿಟ್ಟಿನಿಂದಲ್ಲ, ನಗುತ್ತಲೇ.

ಈಗ ಹಾಳೆಗಳನ್ನು ಮೊದಲಿನಿಂದ ತಿರುವಿ ನೋಡಿದೆ. ಫಕೀರವ್ವನ ಮೊಸರಿದೆ, ಹೋಳಿಗೆಯಿದೆ, ಮಜ್ಜಿಗೆಯಿದೆ. ಆಯಿಯ ಹರವಿಯಿದೆ. ಶಿದ್ರಾಮನ ಬಾಟಲಿಯೂ ಇದೆ. ಅವಳದು ಎಲ್ಲಿಯೂ ಇಲ್ಲ.

ಇವತ್ತು ಮೂರೂವರೆಗೆ ಮನೆಗೆ ಬಂದೆವು. ನಾನು ಹೊಸ್ತಿಲ ಮೇಲೆ ಕೂತೆ. ಸುವರ್ಣಾಳಿಗೂ ಬೆಳಗಿನಿಂದ ಉಪವಾಸ. ಚಪ್ಪಲಿ ಕಳಚಿ ಮೊದಲು ಒಳಗೆ ಹೋದವಳು ಅವಳೇ. ವಾಟಿ ತುಂಬಿ ತಂದು ಮೊದಲು ನನಗೆ ನೀರು ಕೊಟ್ಟಳು. ಕುಡಿದೆ.